ತೂಕದ ಬಟ್ಟು

ಮನೆಯ ತಕ್ಕಡಿಯ ಮುಳ್ಳು ನೂರಾ ಮೂವತ್ತಕ್ಕೆ ನಿಂತುಬಿಡುತ್ತಿತ್ತು.
ಹಾಗಾಗಿ ಒಂದು ಸಂಜೆ ಅಂಗಡಿಯ ಬಾಗಿಲು ಹಾಕಿ
ಹಿಟ್ಟಿನ ಮೂಟೆ ತೂಗುವ ಕಬ್ಬಿಣದ ಹಲಗೆ ಹತ್ತಿದೆ:
ಮೂರು ಮೂಟೆಗೆ ಎಂಟು ಕಿಲೋ ಕಮ್ಮಿ.
ಗೋಡೆಯ ಮೇಲೆ, ಸಾಲದ ಲೆಕ್ಕದ ಪಕ್ಕದಲ್ಲೇ,
ಸೀಮೆಸುಣ್ಣದಲ್ಲಿ ಬರೆದಿಟ್ಟೆ.
ಮರುದಿನ ಗಿರಾಕಿಯೊಬ್ಬ ಕೇಳಿದ:
ಲಮಾರಾ, ಇಷ್ಟೊಂದು ಬಾಕಿ ಯಾರದು?
ನನ್ನದೇ, ಅಂದೆ.

ಕುತಾಯಿಸಿಯಲ್ಲಿ ರೊಟ್ಟಿಯ ಒಲೆಯೆಂದರೆ ಮಣ್ಣಿನ ಬಾವಿ.
ತಳದಲ್ಲಿ ಕೆಂಡ, ಸುತ್ತ ಕಾದ ಗೋಡೆ.
ಹಿಟ್ಟನ್ನು ದೋಣಿಯ ಹಾಗೆ ಎಳೆದು
ಸೊಂಟದವರೆಗೆ ಒಳಗೆ ಬಾಗಿ
ಉಸಿರು ಬಿಗಿಹಿಡಿದು ಬಡಿಯಬೇಕು.
ಹತ್ತೊಂಬತ್ತು ವರ್ಷ
ಅಂಚಿನ ಮೇಲೆ ಹೊಟ್ಟೆಯೂರಿ ಬಾಗಿದೆ.
ತೆಳ್ಳಗಿನ ಗಂಡಸರ ಕಾಲು ಗಾಳಿಯಲ್ಲಿ ಒದ್ದಾಡುತ್ತಿದ್ದವು,
ನನ್ನವು ನೆಲ ಬಿಟ್ಟಿದ್ದೇ ಇಲ್ಲ.
ಹೊಟ್ಟೆಪಾಡು ಅನ್ನುತ್ತಾರಲ್ಲ,
ನನ್ನ ಪಾಡನ್ನು ಹೊತ್ತದ್ದು ಹೊಟ್ಟೆಯೇ.

ಡಾಕ್ಟರ್ ಕೊಬಾಲಿಯಾ ಕಾಗದದ ಮೇಲೊಂದು ಚೀಲ ಬರೆದು
ಪೆನ್ನಿನಿಂದ ಉದ್ದಕ್ಕೆ ಸೀಳಿದ.
ಇಷ್ಟು ಹೋಗುತ್ತದೆ. ಇಷ್ಟು ಉಳಿಯುತ್ತದೆ, ಒಂದು ಬಾಳೆಹಣ್ಣಿನಷ್ಟು.
ಹೋದದ್ದನ್ನು ಏನು ಮಾಡುತ್ತೀರಿ?
ಅದನ್ನು ಇದುವರೆಗೆ ಯಾರೂ ಕೇಳಿಲ್ಲ, ಅಂದ,
ಪೆನ್ನಿನ ಮುಚ್ಚಳ ಹುಡುಕತೊಡಗಿದ.

ಎರಡು ವಾರ ಮೊಸರು, ಸಾರಿನ ತಿಳಿ, ಮತ್ತೆ ಮೊಸರು.
ದಿನಕ್ಕೆ ಇನ್ನೂರು ರೊಟ್ಟಿ ಸುಟ್ಟೆ,
ಒಂದರ ತುದಿಯನ್ನೂ ಮುರಿಯಲಿಲ್ಲ
ಅಂತ ಹೇಳಬೇಕೆಂದಿದ್ದೆ.
ಮುರಿದೆ. ಒಂಬತ್ತನೆಯ ದಿನ.
ನಿಂತೇ, ಬೀದಿಗೆ ಬೆನ್ನು ತಿರುಗಿಸಿ,
ಸಾವಿನ ಮನೆಯಲ್ಲಿ ನಗು ತಡೆಯಲಾರದವಳ ಹಾಗೆ.

ಎಚ್ಚರವಾದಾಗ ಹೊಟ್ಟೆಯ ಮೇಲೆ ಐದು ಪುಟ್ಟ ಬಾಯಿ.
ಐದನ್ನೂ ಹೊಲಿದಿದ್ದರು.
ಮಗಳು ಇಯಾ ಔಷಧಿಯ ಮುಚ್ಚಳದಲ್ಲಿ ನೀರು ಹಿಡಿದು
ನಿಧಾನ, ಅಂದಳು,
ನನ್ನದೇ ದನಿಯಲ್ಲಿ.

ಹಸಿವು ಹೋಯಿತು. ಹಸಿವಿನ ಹೊತ್ತು ಮಾತ್ರ
ತಪ್ಪದೆ ಬರುತ್ತಿತ್ತು,
ಊರು ಬಿಟ್ಟವರ ಬಾಗಿಲಿಗೂ ಪೇಪರ್ ಬಂದು ಬೀಳುವ ಹಾಗೆ.
ನಾಲ್ಕನೆಯ ತಿಂಗಳು ಕೂದಲು ಬಾಚಣಿಗೆಯ ಪಾಲಾಯಿತು.
ತೋಳಿನ ಚರ್ಮ, ಹೊತ್ತು ಮೀರಿ ಹುದುಗಿ ಕುಸಿದ ಹಿಟ್ಟು.
ಗಿರಾಕಿಗಳು ದನಿ ತಗ್ಗಿಸಿ ಇಯಾಳನ್ನು ಕೇಳಿದರು:
ಅದೇನಾ, ಆ ಕಾಯಿಲೆ?

ಜುಂಬೆರನ ಮಗನ ಮದುವೆಯಲ್ಲಿ
ನನ್ನ ಕೈಗೆ ಕೊಂಬಿನ ತುಂಬ ವೈನ್ ಕೊಟ್ಟರು.
ಕೊಂಬಿಗೆ ಬುಡವಿಲ್ಲ, ಮುಗಿಸದೆ ಕೆಳಗಿಡುವಂತಿಲ್ಲ.
ಸತ್ತವರಿಗೆಂದು ಎದ್ದರು, ಹುಟ್ಟಲಿರುವವರಿಗೆಂದು ಎದ್ದರು,
ನದಿಗೆ, ನೆರೆಯವರಿಗೆ, ಯಾವುದೋ ಹಳೆಯ ನಾಯಿಗೂ.
ನಾನು ಮಗು ಎತ್ತಿಕೊಂಡವಳ ಹಾಗೆ
ರಾತ್ರಿಯಿಡೀ ಅದನ್ನು ಎತ್ತಿಕೊಂಡೇ ಇದ್ದೆ.
ಕೈ ಸೋತಿತು. ಚೆಲ್ಲಲಿಲ್ಲ.

ಆಮೇಲೊಂದು ಬೆಳಗ್ಗೆ, ಮಾಮೂಲಿನಂತೆ ಒಲೆಗೆ ಬಾಗಿದೆ.
ಕಾಲು ನೆಲ ಬಿಟ್ಟವು.
ಕೆಂಡ ಹತ್ತಿರ ಬಂತು, ತೀರಾ ಪರಿಚಯದವರ ಮುಖದ ಹಾಗೆ.
ಇಯಾ ಏಪ್ರನ್ನಿನ ದಾರ ಹಿಡಿದು ಜಗ್ಗಿದಳು.
ಹುಬ್ಬು ಸುಟ್ಟ ವಾಸನೆ.
ಇಬ್ಬರೂ ನೆಲದ ಮೇಲೆ ಕೂತು
ಹಿಟ್ಟು ಮೆತ್ತಿದ ಮುಖದಲ್ಲಿ ನಕ್ಕೆವು,
ಮೊದಲು ನಿಲ್ಲಿಸಿದವಳು ಅವಳು.

ಈಗ ಹಳೆಯ ತಕ್ಕಡಿಯ ಎರಡು ಬಟ್ಟುಗಳನ್ನು
ಕಾಲಿಗೊಂದರಂತೆ ಕಟ್ಟಿಕೊಂಡು ಕೆಲಸಕ್ಕಿಳಿಯುತ್ತೇನೆ.
ಕೊಬಾಲಿಯಾಗೆ ಹೇಳಿಲ್ಲ.
ಅಷ್ಟು ಕಷ್ಟಪಟ್ಟು ಕಳೆದದ್ದನ್ನು
ನಾಲ್ಕು ಕಿಲೋದಷ್ಟು ವಾಪಸು ತಂದಿದ್ದೇನೆ,
ಸಂಜೆ ಬಿಚ್ಚಿ ಕಿಟಕಿಯಲ್ಲಿಡುವ ಷರತ್ತಿನ ಮೇಲೆ.

ಗೋಡೆಯ ಬಾಕಿ ಇನ್ನೂ ಅಳಿಸಿಲ್ಲ.
ಕೊನೆಯ ಒಬ್ಬೆಯಲ್ಲಿ ಒಂದು ರೊಟ್ಟಿ ತೆಗೆದಿಟ್ಟು
ತುದಿ ಮುರಿದು ಬಾಯಿಗಿಡುತ್ತೇನೆ, ಬೀದಿಗೆ ಮುಖ ಮಾಡಿ.
ಮೂವತ್ತು ಸಲ ಅಗಿಯಬೇಕು.
ಹದಿನೇಳರ ಹತ್ತಿರ ಯಾರಾದರೂ ಬಂದು
ಎರಡು ಕೊಡು ಅನ್ನುತ್ತಾರೆ,
ಲೆಕ್ಕ ಮತ್ತೆ ಒಂದರಿಂದ.